ಸ್ಪೇನಿನ ಹಬ್ಬಕ್ಕೆ ಹೊರಡುವ ಮುನ್ನ ತಾರೀಖು ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸ್ಪೇನ್ ದೇಶದ ಸಾಂಪ್ರದಾಯಿಕ ಹಬ್ಬಗಳ ಕುರಿತು ಪ್ರಕಟವಾದ ಸಚಿತ್ರ ಲೇಖನವನ್ನು ಓದಿದೆ. ಟೊಮೆಟೊ ರಸದಲ್ಲಿ ಮಿಂದ ಮುಖಗಳು, ಗೂಳಿಗಳ ಮುಂದೆ ಎದ್ದುಬಿದ್ದು ಓಡುವ ಬಿಳಿ ಅಂಗಿಯ ಯುವಕರು ಎರಡು ಪುಟಗಳ ತುಂಬ ಇದ್ದರು. ಆದರೆ ಯಾವ ಹಬ್ಬ ಯಾವ ತಾರೀಖಿಗೆ ಮುಗಿಯುತ್ತದೆ, ಹೊರಗಿನಿಂದ ಬಂದವರಿಗೆ ಅಲ್ಲಿ ಜಾಗ ಎಲ್ಲಿ, ಎಲ್ಲಿಯವರೆಗೆ ಪ್ರವೇಶ ಎಂಬ ಮಾತು ಒಂದು ಸಾಲಿನಲ್ಲೂ ಇರಲಿಲ್ಲ. ತಾರೀಖು ತಿಳಿಯದೆ ಅಷ್ಟು ದೂರ ಹೋಗಿ ಕೈ ಸುಟ್ಟುಕೊಂಡವಳಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಶಾಲೆಯ ಕೆಲಸದಿಂದ ನಿವೃತ್ತಳಾದ ಹೊಸತರಲ್ಲಿ, ನಗರದ ಒಂದು ಪ್ರವಾಸ ಸಂಸ್ಥೆಯ ಮೂಲಕ ಹನ್ನೊಂದು ದಿನಗಳ ಸ್ಪೇನ್–ಪೋರ್ಚುಗಲ್ ಪ್ರವಾಸಕ್ಕೆ ನಾನೂ ನನ್ನ ಯಜಮಾನರೂ ಹೋಗಿದ್ದೆವು. ಅವರು ಕೊಟ್ಟ ಪಟ್ಟಿಯಲ್ಲಿ ‘ವೆಲೆನ್ಸಿಯಾ: ಫಾಯಾಸ್ ಹಬ್ಬದ ನಗರ ವೀಕ್ಷಣೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾವು ಆ ಊರು ಮುಟ್ಟಿದ್ದು ಮಾರ್ಚ್ 20ರ ಬೆಳಿಗ್ಗೆ. ದೊಡ್ಡ ದೊಡ್ಡ ಬೊಂಬೆಗಳನ್ನು ಬೀದಿಯಲ್ಲಿ ಸುಡುವ ಈ ಹಬ್ಬ ಮುಗಿಯುವುದು ಮಾರ್ಚ್ 19ರ ರಾತ್ರಿ. ನೀರು ಹಾಯಿಸಿ ತೊಳೆದ ರಸ್ತೆಗಳು, ಚೌಕದ ನಡುವೆ ಹಾಸಿದ್ದ ಮರಳಿನ ಮೇಲೊಂದು ಕಪ್ಪು ಕಲೆ, ಗೋಡೆಗೆ ಒರಗಿಸಿಟ್ಟ ತಡೆಬೇಲಿಗಳು, ಪಟಾಕಿಯ ಕಾಗದದ ಚೂರುಗಳನ್ನು ಗುಡಿಸುತ್ತಿದ್ದ ಪೌರಕಾರ್ಮಿಕರು, ಇಷ್ಟೇ ನಮಗೆ ಕಾಣಸಿಕ್ಕಿದ್ದು. ಮಾರ್ಗದರ್ಶಿಯವರು ‘ಇಲ್ಲೇ ಸುಟ್ಟಿದ್ದು’ ಎಂದು ಕೈ ತೋರಿಸಿ, ಫೋಟೊ ತೆಗೆದುಕೊಳ್ಳಲು ಹದಿನೈದು ನಿಮಿಷ ಕೊಟ್ಟರು. ಯಜಮಾನರು ‘ಕಡಲೆಕಾಯಿ ಪರಿಷೆಯ ಮಾರನೆಯ ದಿನ ಬಸವನಗುಡಿಗೆ ಕರೆದುಕೊಂಡು ಹೋಗಿ ಸಿಪ್ಪೆ ತೋರಿಸಿದ ಹಾಗಾಯಿತು’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಊರಿಗೆ ಮರಳಿದ ಮೇಲೆ ಸಂಸ್ಥೆಯವರನ್ನು ಕೇಳಿದರೆ, ಪಟ್ಟಿಯಲ್ಲಿ ‘ಹಬ್ಬದ ನಗರ’ ಎಂದಿದೆಯೇ ಹೊರತು ‘ಹಬ್ಬ’ ಎಂದಿಲ್ಲ ಎಂಬ ಉತ್ತರ ಬಂತು. ನಾನು ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳು. ವಿಭಕ್ತಿ ಪ್ರತ್ಯಯದ ಇಂಥದೊಂದು ಪ್ರಯೋಗವನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಎರಡು ವರ್ಷ ಬಿಟ್ಟು, ಬಾರ್ಸಿಲೋನಾದಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳ ನೆರವಿನಿಂದ, ಯಾವ ಸಂಸ್ಥೆಯ ಹಂಗೂ ಇಲ್ಲದೆ ಅದೇ ಊರಿಗೆ ಮತ್ತೆ ಹೋದೆವು. ಆಗ ಮಾತ್ರ ನಾವು ಕಳೆದುಕೊಂಡಿದ್ದು ಏನೆಂದು ಅರ್ಥವಾಯಿತು. ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಾವು ‘ಫಾಲಾಸ್’ ಎನ್ನುವ ಈ ಹಬ್ಬದಲ್ಲಿ ವೆಲೆನ್ಸಿಯಾದ ಪ್ರತಿಯೊಂದು ಕೇರಿಯವರೂ ವರ್ಷವಿಡೀ ಚಂದಾ ಎತ್ತಿ, ಮೂರು–ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಬೊಂಬೆಗಳ ರಚನೆಗಳನ್ನು ಕಲಾವಿದರಿಂದ ಮಾಡಿಸಿ, ಮಾರ್ಚ್ ಮಧ್ಯದಲ್ಲಿ ರಸ್ತೆಯ ಕೂಡುಗಳಲ್ಲಿ ನಿಲ್ಲಿಸುತ್ತಾರೆ. ದೊಡ್ಡವರದೂ ಮಕ್ಕಳದೂ ಸೇರಿ ಅಂಥವು ಏಳುನೂರಕ್ಕೂ ಹೆಚ್ಚು. ಬೊಂಬೆಗಳೆಂದರೆ ದೇವರ ಬೊಂಬೆಗಳಲ್ಲ. ಆ ವರ್ಷ ಜನರ ಬಾಯಿಗೆ ಬಿದ್ದ ರಾಜಕಾರಣಿಗಳು, ನಟರು, ಊರಿನ ಅಧಿಕಾರಿಗಳು, ಕೆಲವೊಮ್ಮೆ ನಮ್ಮಂಥ ಪ್ರವಾಸಿಗಳೂ ಅದರಲ್ಲಿ ಗೇಲಿಯ ವಸ್ತುಗಳು. ಐದು ದಿನ ಜನ ಸುತ್ತಿ ಸುತ್ತಿ ನೋಡಿದ ಮೇಲೆ, 19ರ ರಾತ್ರಿ, ಸಂತ ಜೋಸೆಫರ ಹಬ್ಬದಂದು, ಅಷ್ಟನ್ನೂ ಬೆಂಕಿಗೆ ಕೊಡುತ್ತಾರೆ. ಜನರ ಮತದಿಂದ ಆಯ್ಕೆಯಾದ, ದೊಡ್ಡವರದರಲ್ಲಿ ಒಂದು, ಮಕ್ಕಳದರಲ್ಲಿ ಒಂದು ಬೊಂಬೆಗೆ ಮಾತ್ರ ಕ್ಷಮಾದಾನ ಸಿಕ್ಕಿ ಅವು ವಸ್ತುಸಂಗ್ರಹಾಲಯ ಸೇರುತ್ತವೆ. ಈ ಪದ್ಧತಿ 1934ರಿಂದ ನಡೆದುಬಂದಿದೆ. ಹಿಂದಿನ ಕಾಲದ ಬಡಗಿಗಳು ಚಳಿಗಾಲದಲ್ಲಿ ದೀಪ ತೂಗುಹಾಕಲು ಬಳಸುತ್ತಿದ್ದ ಮರದ ಕಂಬಗಳನ್ನು, ವಸಂತ ಬಂದು ಹಗಲು ದೊಡ್ಡದಾದಾಗ, ತಮ್ಮ ಕಸುಬಿನ ಸಂತನ ಹೆಸರಿನಲ್ಲಿ ಬೀದಿಯಲ್ಲಿ ಸುಡುತ್ತಿದ್ದುದೇ ಇದರ ಮೂಲವೆಂದು ಪ್ರತೀತಿ. ಫಾಲ್ಗುಣದ ಹುಣ್ಣಿಮೆಗೆ ಓಣಿಯ ಹುಡುಗರು ಸೌದೆ, ಬೆರಣಿ, ಮುರಿದ ಕುರ್ಚಿಗಳನ್ನು ಕದ್ದು ತಂದು ಕಾಮಣ್ಣನನ್ನು ಸುಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯುನೆಸ್ಕೊ 2016ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾರ್ಚ್ 1ರಿಂದ 19ರವರೆಗೆ ಪ್ರತಿದಿನ ಮಧ್ಯಾಹ್ನ ಎರಡು ಗಂಟೆಗೆ ಪುರಸಭೆಯ ಚೌಕದಲ್ಲಿ ‘ಮಾಸ್ಕ್ಲೆತಾ’ ನಡೆಯುತ್ತದೆ. ಹಗಲಿನ ಈ ಪಟಾಕಿ ನೋಡುವುದಕ್ಕಲ್ಲ, ಕೇಳುವುದಕ್ಕೆ. ಸದ್ದು ತಾಳ ಕಟ್ಟುತ್ತಾ ಕಟ್ಟುತ್ತಾ ಏರಿ ಕೊನೆಗೆ ಎದೆಗೂಡಿನೊಳಗೇ ಬಡಿದಂತಾಗುತ್ತದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, ಕಿವಿ ಮುಚ್ಚಿಕೊಳ್ಳಬೇಡಿ, ಬಾಯಿ ತೆರೆದಿಟ್ಟುಕೊಳ್ಳಿ ಎಂದು ಸನ್ನೆಯಲ್ಲೇ ಹೇಳಿಕೊಟ್ಟರು. ಮುಗಿದ ಕೂಡಲೇ ಅಷ್ಟು ಜನವೂ, ಕಛೇರಿಯಲ್ಲಿ ಒಳ್ಳೆಯ ತನಿ ಆವರ್ತನ ಕೇಳಿದವರ ಹಾಗೆ, ಚಪ್ಪಾಳೆ ತಟ್ಟಿ ಇವತ್ತಿನದು ಹೇಗಿತ್ತೆಂದು ಚರ್ಚಿಸುತ್ತಾ ಊಟಕ್ಕೆ ಹೊರಟರು. ನಾವು ಸಸ್ಯಾಹಾರಿಗಳು; ಬೀದಿ ಬದಿಯಲ್ಲಿ ಸಿಹಿಗುಂಬಳಕಾಯಿ ಬೆರೆಸಿದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ನಡುವೆ ತೂತು ಮಾಡಿ ಎಣ್ಣೆಗೆ ಜಾರಿಸುತ್ತಿದ್ದ ಹೆಂಗಸಿನ ಕೈಚಳಕ ನೋಡಿ ಯಜಮಾನರು ‘ಉದ್ದಿನವಡೆ’ ಎಂದು ಉದ್ಗರಿಸಿದರು. ಅದನ್ನು ಸಕ್ಕರೆಯಲ್ಲಿ ಹೊರಳಿಸಿ, ಗಟ್ಟಿಯಾದ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ರಾತ್ರಿ ಬೊಂಬೆಗಳಿಗೆ ಬೆಂಕಿ ಇಡುವಾಗ ಅಗ್ನಿಶಾಮಕ ದಳದವರು ಸುತ್ತಲಿನ ಮನೆಗಳ ಗೋಡೆಗಳಿಗೆ ನೀರು ಹಾಯಿಸುತ್ತಾ ನಿಂತಿದ್ದರು. ನಮ್ಮ ಬೀದಿಯ ಕೂಡಿನಲ್ಲಿ, ವರ್ಷಪೂರ್ತಿ ಅದಕ್ಕಾಗಿ ದುಡಿದಿದ್ದ ರೇಷ್ಮೆ ಲಂಗದ ಹುಡುಗಿಯರು ಗಟ್ಟಿಯಾಗಿ ಅಳುತ್ತಿದ್ದರು. ಗಣಪತಿಯನ್ನು ನೀರಿಗೆ ಬಿಡುವಾಗ ನಮ್ಮ ಮಕ್ಕಳು ಅಳುವುದಿಲ್ಲವೇ, ಅದೇ ಅಳು.

ಈಗ ತಾರೀಖಿನ ವಿಷಯ. ಸ್ಪೇನಿನ ಹಬ್ಬಗಳಲ್ಲಿ ಒಂದಷ್ಟು ಫಾಯಾಸ್‌ನಂತೆ ನಿಗದಿತ ದಿನದವು. ಅವುಗಳ ವಿಷಯದಲ್ಲಿ ತಪ್ಪು ಮಾಡಲು ವಿಶೇಷ ಪ್ರಯತ್ನವೇ ಬೇಕು, ನಮ್ಮ ಪ್ರವಾಸ ಸಂಸ್ಥೆ ಆ ಪ್ರಯತ್ನ ಮಾಡಿತ್ತು. ಇನ್ನೊಂದಷ್ಟು ಈಸ್ಟರ್‌ನ ಬೆನ್ನು ಹಿಡಿದು ಓಡಾಡುತ್ತವೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. 2026ರಲ್ಲಿ ಅದು ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಚೈತ್ರ ಹುಣ್ಣಿಮೆಗೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವ ಊರಿನವರಿಗೆ ಈ ಲೆಕ್ಕ ಹೊಸದೇನಲ್ಲ. ಹಲವು ವರ್ಷಗಳಲ್ಲಿ ಕರಗದ ಹುಣ್ಣಿಮೆಯೂ ಅವರ ಈಸ್ಟರ್‌ನ ಹುಣ್ಣಿಮೆಯೂ ಒಂದೇ ಆಗಿರುತ್ತದೆ. ಈ ಒಂದು ದಿನ ಗೊತ್ತಾದರೆ ಉಳಿದದ್ದನ್ನು ಬೆರಳೆಣಿಸಿ ಹೇಳಬಹುದು. ಕಾದಿಜ್ ಊರಿನ ಕಾರ್ನಿವಲ್, ಅಂದರೆ ಊರಿನ ದೊಡ್ಡವರನ್ನೆಲ್ಲ ಹಾಡು ಕಟ್ಟಿ ಲೇವಡಿ ಮಾಡುವ ಉತ್ಸವ, ಈಸ್ಟರ್‌ಗೆ ಸುಮಾರು ಏಳು ವಾರ ಮೊದಲು. ಎಲ್ ರೋಸಿಯೊ ಎಂಬ ಹಳ್ಳಿಯ ಮಾತೆಯ ದರ್ಶನಕ್ಕೆ ಗಾಡಿ ಕಟ್ಟಿಕೊಂಡು, ಕುದುರೆ ಏರಿಕೊಂಡು ಜನ ಹೋಗುವ ಯಾತ್ರೆ ಈಸ್ಟರ್ ಆದ ಏಳು ವಾರಕ್ಕೆ. ಕತಲೋನಿಯಾದ ಬೆರ್ಗಾ ಊರಿನಲ್ಲಿ ಬೆಂಕಿ ಉಗುಳುವ ದೆವ್ವವೇಷಗಳ ಪಾತುಮ್ ಉತ್ಸವ ಅದಾದ ಮೇಲಿನ ವಾರಗಳಲ್ಲಿ ಬರುವ ಕಾರ್ಪಸ್ ಕ್ರಿಸ್ತಿ ಎಂಬ ಕ್ರೈಸ್ತ ಹಬ್ಬಕ್ಕೆ.

ಎಲ್ಲಕ್ಕಿಂತ ದೊಡ್ಡದು ಈಸ್ಟರ್‌ಗೆ ಮೊದಲಿನ ಪವಿತ್ರ ವಾರ. ನಮ್ಮ ಎರಡನೆಯ ಪ್ರವಾಸದ ವರ್ಷ ಈಸ್ಟರ್ ಬೇಗ ಬಂದಿದ್ದರಿಂದ ನಾವು ವೆಲೆನ್ಸಿಯಾದಿಂದ ನೇರ ಸೆವಿಲ್‌ಗೆ ಹೋದೆವು. ಅಲ್ಲಿ ಸುಮಾರು ಅರವತ್ತು ಭಕ್ತಮಂಡಳಿಗಳು ವಾರದುದ್ದಕ್ಕೂ ತಮ್ಮ ತಮ್ಮ ಚರ್ಚಿನ ಕ್ರಿಸ್ತ ಹಾಗೂ ಮಾತೆಯ ಮೂರ್ತಿಗಳನ್ನು ಭಾರಿ ಮಂಟಪಗಳಲ್ಲಿಟ್ಟು ಮಹಾದೇವಾಲಯದವರೆಗೆ ಹೊತ್ತು ಮರಳುತ್ತವೆ. ಕೆಲವು ಮೆರವಣಿಗೆಗಳು ಹನ್ನೆರಡು ಗಂಟೆಗೂ ಮೀರಿ ನಡೆಯುತ್ತವೆ. ಹೊರುವವರು ಯಾರಿಗೂ ಕಾಣಿಸುವುದಿಲ್ಲ. ಮಂಟಪದ ಸುತ್ತ ಇಳಿಬಿಟ್ಟ ಬಟ್ಟೆಯ ಒಳಗೆ, ತಲೆಗೂ ಕುತ್ತಿಗೆಗೂ ನಮ್ಮ ಹಳ್ಳಿಯ ಸಿಂಬೆಯಂತೆ ಗೋಣಿಬಟ್ಟೆ ಸುತ್ತಿಕೊಂಡು, ಕತ್ತಿನ ಹಿಂಭಾಗದ ಮೂಳೆಯ ಮೇಲೆ ತೂಕ ತಾಳಿಕೊಂಡು, ದಾರಿ ಕಾಣದೆ, ಮುಂದೆ ನಿಂತ ಮೇಸ್ತ್ರಿಯ ಮಾತನ್ನೇ ನಂಬಿ ಅವರು ಹೆಜ್ಜೆ ಹಾಕುತ್ತಾರೆ. ಮೇಸ್ತ್ರಿ ಮಂಟಪದ ಮುಂಭಾಗದ ಲೋಹದ ಬಡಿಗೆಯನ್ನು ಮೂರು ಸಲ ಬಡಿದೊಡನೆ ಅಷ್ಟು ಭಾರವೂ ಒಂದೇ ನೆಗೆತದಲ್ಲಿ ಮೇಲಕ್ಕೇಳುತ್ತದೆ. ಚೂಪಾದ ಉದ್ದ ಟೊಪ್ಪಿಗೆ ಧರಿಸಿ ಮುಖ ಮುಚ್ಚಿಕೊಂಡವರ ಸಾಲನ್ನು ಕಂಡು ಅಮೆರಿಕದ ಜನಾಂಗದ್ವೇಷಿಗಳನ್ನು ನೆನೆಯುವ ಪ್ರವಾಸಿಗಳಿದ್ದಾರೆ. ಅದು ತಪ್ಪು, ಇದು ಅದಕ್ಕಿಂತ ಶತಮಾನಗಳಷ್ಟು ಹಳೆಯದಾದ, ಪಾಪ ನಿವೇದಿಸಿಕೊಳ್ಳುವವನ ಗುರುತು ತಿಳಿಯದಿರಲೆಂಬ ವೇಷ.

ನಮಗೆ ಅಲ್ಲಿ ಸಿಕ್ಕ ಪೂರ್ಣ ಮೆರವಣಿಗೆ ಒಂದೇ. ಇನ್ನೊಂದು ಸಂಜೆ, ನಾಲ್ಕು ಗಂಟೆ ಕಾದ ಮೇಲೆ, ಚರ್ಚಿನ ಬಾಗಿಲು ತೆರೆಯುವ ಹೊತ್ತಿಗೆ ಮಳೆ ಹನಿಯತೊಡಗಿತು. ಶತಮಾನಗಳ ಹಿಂದಿನ ಮರದ ಮೂರ್ತಿಗೂ ಕಸೂತಿಗೂ ನೀರು ತಾಗಬಾರದಾದ್ದರಿಂದ ಮಂಡಳಿಯವರು ಆ ವರ್ಷದ ಮೆರವಣಿಗೆಯನ್ನೇ ಕೈಬಿಟ್ಟರು. ಜನ ಗದ್ದಲ ಮಾಡಲಿಲ್ಲ, ಹಣ ವಾಪಸ್ ಕೇಳಲು ಅಲ್ಲಿ ಟಿಕೆಟ್ಟೂ ಇರಲಿಲ್ಲ. ಐವತ್ತು ದಾಟಿದ ಗಂಡಸರು ಕೊಡೆಯ ಕೆಳಗೆ ನಿಂತು ಅಳುತ್ತಿದ್ದರು. ಮಂಟಪ ನೋಡಿದ ಸಂಜೆಗಿಂತ ನೋಡಲಾಗದ ಈ ಸಂಜೆಯೇ ನನಗೆ ಹೆಚ್ಚು ನೆನಪಿದೆ.

ಅದೇ ಸೆವಿಲ್‌ನಲ್ಲಿ ಈಸ್ಟರ್ ಆದ ಎರಡು ವಾರಕ್ಕೆ ಏಪ್ರಿಲ್ ಜಾತ್ರೆ ನಡೆಯುತ್ತದೆ. 1847ರಲ್ಲಿ ಅದು ಆರಂಭವಾದದ್ದು ಘಾಟಿ ಸುಬ್ರಹ್ಮಣ್ಯದ ಜಾತ್ರೆಯಂತೆ ದನಗಳ ಜಾತ್ರೆಯಾಗಿಯೇ; ಈಗ ದನಗಳಿಲ್ಲ, ಸಾವಿರಕ್ಕೂ ಹೆಚ್ಚು ಡೇರೆಗಳಲ್ಲಿ ಹಾಡು, ಕುಣಿತ, ಊಟ. ಆದರೆ ಆ ಡೇರೆಗಳಲ್ಲಿ ಹೆಚ್ಚಿನವು ಕುಟುಂಬಗಳಿಗೂ ಸಂಘಗಳಿಗೂ ಸೇರಿದ ಖಾಸಗಿ ಡೇರೆಗಳೆಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಮ್ಮ ಬೀದಿಯ ಒಂದು ಕುಟುಂಬ ಅಲ್ಲಿಗೆ ಹೋಗಿ, ಒಂದೊಂದು ಬಾಗಿಲಲ್ಲೂ ಕಾವಲುಗಾರನಿಂದ ತಡೆಸಿಕೊಂಡು, ಕರೆಯದ ಮದುವೆಗೆ ಹೋದವರಂತೆ ಹಿಂದಿರುಗಿತು. ನಗರಸಭೆಯೂ ಇತರ ಕೆಲವು ಸಂಸ್ಥೆಗಳೂ ನಡೆಸುವ ಸಾರ್ವಜನಿಕ ಡೇರೆಗಳು ಅಲ್ಲೇ ಇವೆ. ಅವುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆಂದು ಹೇಳುವವರಿರಲಿಲ್ಲ, ಅಷ್ಟೆ.

ಟೊಮೆಟೊ ಹಬ್ಬದ ಬಗ್ಗೆ ನನಗೆ ಹೆಚ್ಚಿನ ಉತ್ಸಾಹವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಹಿಂದಿ ಚಲನಚಿತ್ರ ಅದನ್ನು ತೋರಿಸಿದ 2011ರಲ್ಲೇ ಬೆಂಗಳೂರು ಮತ್ತು ಮೈಸೂರಿನಲ್ಲಿ ಅದರ ನಕಲು ಮಾಡಹೊರಟಾಗ, ತಿನ್ನುವ ಪದಾರ್ಥ ಹಾಳಾಗುತ್ತದೆಂದು ಅಂದಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಅನುಮತಿ ಕೊಡಬಾರದೆಂದು ಪೊಲೀಸರಿಗೆ ಸೂಚಿಸಿದ್ದು ಅನೇಕರಿಗೆ ನೆನಪಿರಬಹುದು. ಬೆಲೆ ಬಿದ್ದಾಗ ಕೋಲಾರದ ರೈತರು ರಸ್ತೆ ಬದಿಗೆ ಟೊಮೆಟೊ ಸುರಿಯುವುದನ್ನು ಕಂಡ ನಮಗೆ ಆ ಆಟ ಇಲ್ಲಿ ಬೇಡವೆಂಬುದೇ ನನ್ನ ಅಭಿಪ್ರಾಯ. ಆದರೆ ಬುನ್ಯೋಲ್ ಎಂಬ ಆ ಸಣ್ಣ ಊರಿನಲ್ಲಿ ಅದಕ್ಕೊಂದು ಕಥೆಯಿದೆ. 1945ರಲ್ಲಿ ಊರ ಮೆರವಣಿಗೆಯ ನಡುವೆ ಹುಡುಗರ ತಳ್ಳಾಟ ತರಕಾರಿ ಅಂಗಡಿಯವರೆಗೆ ಹೋಗಿ ಆರಂಭವಾದದ್ದು ಅದು. ಅಧಿಕಾರಿಗಳು ನಿಷೇಧಿಸಿದಾಗ, 1957ರಲ್ಲಿ ಊರವರು ಶವಪೆಟ್ಟಿಗೆಯಲ್ಲೊಂದು ದೊಡ್ಡ ಟೊಮೆಟೊ ಇಟ್ಟು ವಾದ್ಯಸಮೇತ ಶವಯಾತ್ರೆ ಹೊರಡಿಸಿದರು, ಹಬ್ಬ ಮರಳಿ ಬಂತು. ಆಗಸ್ಟ್ ತಿಂಗಳ ಕೊನೆಯ ಬುಧವಾರ, ಒಂದೇ ಒಂದು ಗಂಟೆ. 2013ರಿಂದ ಟಿಕೆಟ್ ಇದೆ, ಒಳಗೆ ಬಿಡುವುದು ಸುಮಾರು 20,000 ಮಂದಿಯನ್ನು ಮಾತ್ರ. ಎಸೆಯುವ ಮೊದಲು ಹಣ್ಣನ್ನು ಕೈಯಲ್ಲೇ ಹಿಸುಕಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಆರಂಭಕ್ಕೆ ಮುನ್ನ ಸಾಬೂನು ಬಳಿದ ಕಂಬದ ತುದಿಯಲ್ಲಿ ಹಂದಿಯ ತೊಡೆ ಕಟ್ಟಿ ಹತ್ತಲು ಬಿಡುತ್ತಾರೆ. ಗೋಕುಲಾಷ್ಟಮಿಯ ಜಾರುಗಂಬ ಆ ಹೊತ್ತಿಗೆ ನಮ್ಮೂರಿನಲ್ಲೂ ನಿಂತಿರುತ್ತದೆ. ಕಟ್ಟುವ ವಸ್ತು ಬೇರೆ.

ಪಾಂಪ್ಲೋನಾದ ಸಾನ್ ಫೆರ್ಮಿನ್ ಹಬ್ಬದ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ಜುಲೈ 6ರ ಮಧ್ಯಾಹ್ನದಿಂದ 14ರವರೆಗಿನ ಒಂಬತ್ತು ದಿನಗಳ ಹಬ್ಬವನ್ನು ನಮ್ಮ ಪತ್ರಿಕೆಗಳು ಬೆಳಿಗ್ಗೆ ಎಂಟು ಗಂಟೆಯ ಎರಡು–ಮೂರು ನಿಮಿಷಗಳ ಗೂಳಿ ಓಟಕ್ಕೆ ಇಳಿಸಿಬಿಟ್ಟಿವೆ. ಆ ಓಟದಲ್ಲಿ 1910ರಿಂದೀಚೆಗೆ 16 ಮಂದಿ ಸತ್ತಿದ್ದಾರೆ. ಓಡಿದ ಗೂಳಿಗಳಂತೂ ಅದೇ ಸಂಜೆ ಅಖಾಡದಲ್ಲಿ ಸಾಯುತ್ತವೆ. ಇದನ್ನು ತಿಳಿದ ಮೇಲೂ ನೋಡಬೇಕೆನ್ನುವವರು ನೋಡಲಿ, ತಿಳಿಸದೆ ಕರೆದೊಯ್ಯುವುದು ಸರಿಯಲ್ಲ. ಓಟ ಮುಗಿದು ಬೀದಿ ತೆರೆದ ಮೇಲೆ ಅದೇ ಬೆಳಗಿನಲ್ಲಿ ಹೊರಡುವ ದೈತ್ಯ ಬೊಂಬೆಗಳ ಮೆರವಣಿಗೆಯನ್ನು ತಮ್ಮ ಲೇಖನ ಹೆಸರಿಸಲೂ ಇಲ್ಲ. ತದೇಯೊ ಅಮೊರೆನಾ ಎಂಬ ಸ್ಥಳೀಯ ಕಲಾವಿದ 1860ರಲ್ಲಿ ಮಾಡಿದ, ನಾಲ್ಕು ಖಂಡಗಳ ರಾಜ–ರಾಣಿಯರ ಎಂಟು ಬೊಂಬೆಗಳು ಅವು. ಒಳಗೊಬ್ಬ ಮನುಷ್ಯ ಹೊಕ್ಕು, ಹೊತ್ತು ಕುಣಿಸುತ್ತಾನೆ. ದಸರಾ ಮೆರವಣಿಗೆಯ ಗಾರುಡಿಗೊಂಬೆ ನೋಡಿ ಬೆಳೆದವರು ಮತ್ತೇನು ಹೇಳಬೇಕು? ಸೊಂಟಕ್ಕೆ ಕುದುರೆ ಕಟ್ಟಿಕೊಂಡ ನಮ್ಮ ಕೀಲುಕುದುರೆಯವರ ಹಾಗಿನವರೂ ಆ ಸಾಲಿನಲ್ಲಿದ್ದು, ಸ್ಪಂಜು ಕಟ್ಟಿದ ಕೋಲಿನಿಂದ ಮಕ್ಕಳನ್ನು ಹೊಡೆಯುವಂತೆ ನಟಿಸುತ್ತಾ ಓಡಿಸುತ್ತಾರೆ. ಕೊನೆಯ ದಿನ, ಬಾಯಲ್ಲಿಡುವ ರಬ್ಬರ್ ನಿಪ್ಪಲ್ಲಿನ ಅಭ್ಯಾಸ ಬಿಡಬೇಕಾದ ಪುಟ್ಟ ಮಕ್ಕಳು ಅದನ್ನು ಆ ರಾಜ–ರಾಣಿಯರ ಕೈಗೆ ಕಟ್ಟಿ ಬೀಳ್ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಗೂಳಿಗಿಂತ ಇದು ಎಷ್ಟೋ ಪಾಲು ಮೇಲು.

ಇನ್ನು ಕೊಂಡ ಹಾಯುವುದನ್ನು ಕಂಡ ಕನ್ನಡಿಗರು ಸೋರಿಯಾ ಪ್ರಾಂತದ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಜೂನ್ 23ರ ನಡುರಾತ್ರಿ, ಓಕ್ ಮರದ ನಿಗಿನಿಗಿ ಕೆಂಡದ ಮೇಲೆ ಊರವರು ಬರಿಗಾಲಲ್ಲಿ, ಬೆನ್ನ ಮೇಲೊಬ್ಬರನ್ನು ಹೊತ್ತುಕೊಂಡು ನಡೆಯುತ್ತಾರೆ. ಮರುದಿನ ಮೂವರು ಆಯ್ದ ಯುವತಿಯರು ತಲೆಯ ಮೇಲೆ ಅಲಂಕರಿಸಿದ ಎತ್ತರದ ಬುಟ್ಟಿಗಳನ್ನು ಹೊತ್ತು ಬೀದಿಯಲ್ಲಿ ಬರುತ್ತಾರೆ. ನಾನು ಅದನ್ನು ನೋಡಿಲ್ಲ. ಮುಂದಿನ ಪ್ರವಾಸದ ಆಸೆ ಅದೇ.

ನೋಡಿದ್ದು, ಅಲ್ಲ, ಕೈಯಿಟ್ಟಿದ್ದು, ಬಾರ್ಸಿಲೋನಾದ ಮಾನವ ಗೋಪುರಕ್ಕೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಾಯ್ಸ್ ಎಂಬ ಊರಿನಲ್ಲಿ ಬೆಳೆದುಬಂದ ಈ ಕಲೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸೆಪ್ಟೆಂಬರ್ 24ರ ಮೆರ್ಸೆ ಹಬ್ಬದ ದಿನಗಳಲ್ಲಿ ಬಾರ್ಸಿಲೋನಾದ ಪುರಭವನದ ಮುಂದೆಯೂ, ಎರಡು ವರ್ಷಕ್ಕೊಮ್ಮೆ ಅಕ್ಟೋಬರ್ ಆರಂಭದಲ್ಲಿ ತಾರಾಗೋನಾದ ಸ್ಪರ್ಧೆಯಲ್ಲೂ ಇದನ್ನು ಕಾಣಬಹುದು. ನಾವು ಹೋಗಿದ್ದಾಗ ಹಬ್ಬದ ಕಾಲವಲ್ಲವಾದ್ದರಿಂದ ತಂಗಿಯ ಮಗಳು ಸಂಜೆಯ ತಾಲೀಮಿಗೆ ಕರೆದೊಯ್ದಳು. ಹೊರಗಿನವರೆಂದು ದೂರ ನಿಲ್ಲಿಸುತ್ತಾರೆಂದುಕೊಂಡರೆ, ಬುಡದ ಗುಂಪಿಗೆ ಜನ ಸಾಲದೆಂದು ನನ್ನನ್ನೂ ಕರೆದು ಹೊರವರ್ತುಲದಲ್ಲಿ ನಿಲ್ಲಿಸಿ, ಮುಂದಿನವರ ಬೆನ್ನಿಗೆ ಎರಡೂ ಅಂಗೈ ಒತ್ತಲು ಹೇಳಿದರು. ತಲೆ ತಗ್ಗಿಸಿರಬೇಕು, ಮೇಲೆ ನೋಡಬಾರದು. ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಏರುತ್ತಿರುವುದು ಮುಂದಿನವರ ಬೆನ್ನಿನ ನಡುಕದಿಂದಷ್ಟೇ ತಿಳಿಯುತ್ತಿತ್ತು. ಹಬ್ಬದ ದಿನ ಓಲಗದಂಥ ಒಂದು ವಾದ್ಯ ನುಡಿಸುತ್ತಾರಂತೆ. ಗೋಪುರ ಎಲ್ಲಿಯವರೆಗೆ ಏರಿದೆಯೆಂದು ಬುಡದವರು ಅದನ್ನು ಕೇಳಿಯೇ ತಿಳಿಯಬೇಕು. ತುದಿಗೇರಿದ ಪುಟ್ಟ ಹುಡುಗಿ ಕೈ ಎತ್ತಿದ್ದನ್ನು ನಾನು ನೋಡಲೇ ಇಲ್ಲ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಭಾರತ ಮತ್ತು ಸ್ಪೇನ್ 2026ನ್ನು ಸಂಸ್ಕೃತಿ, ಪ್ರವಾಸೋದ್ಯಮ ಹಾಗೂ ಕೃತಕ ಬುದ್ಧಿಮತ್ತೆಯ ವರ್ಷವಾಗಿ ಆಚರಿಸಲು 2024ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡವು. ಬೆಂಗಳೂರಿನಲ್ಲಿ ಸ್ಪೇನಿನ ಕಾನ್ಸುಲೇಟ್ ತೆರೆಯುವ ನಿರ್ಧಾರವೂ ಆಗಲೇ ಪ್ರಕಟವಾಯಿತು. ಹೋಗುವವರ ಸಂಖ್ಯೆ ಇನ್ನು ಹೆಚ್ಚೀತು. ಆದ್ದರಿಂದ ಇಂಥ ಲೇಖನಗಳ ತಲೆಯಲ್ಲೇ ಹಬ್ಬ ಮುಗಿಯುವ ದಿನವನ್ನು ಮೊದಲು, ಆರಂಭದ ದಿನವನ್ನು ಆಮೇಲೆ ಅಚ್ಚು ಹಾಕಿ. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಸ್ವೀಕರಿಸುತ್ತಾರೆಂಬುದನ್ನೂ, ಹಬ್ಬದ ಊರುಗಳಲ್ಲಿ ಕೋಣೆಗಳು ಬಹಳ ಮೊದಲೇ ತುಂಬುತ್ತವೆಂಬುದನ್ನೂ ಜೊತೆಗೆ ತಿಳಿಸಿ. ಪಟಾಕಿಯ ಸದ್ದು ತಾಳಲಾರದ ಹಿರಿಯರಿಗೆ ಕೊರ್ಡೊಬಾ ಊರಿನ ಮೇ ತಿಂಗಳ ಹಬ್ಬ ಇದೆಯೆಂದು ಹೇಳಿ. ನಮ್ಮ ತೊಟ್ಟಿಮನೆಗಳನ್ನು ಹೋಲುವ ಮನೆಗಳವರು ಹೂಕುಂಡಗಳಿಂದ ತುಂಬಿದ ಒಳಾಂಗಣವನ್ನು ಬಂದವರಿಗೆಲ್ಲ ತೆರೆದಿಟ್ಟು, ಉದ್ದ ಬಿದಿರಿನ ತುದಿಗೆ ಡಬ್ಬಿ ಕಟ್ಟಿ ಗೋಡೆಯ ಮೇಲಿನ ಕುಂಡಗಳಿಗೆ ನೀರು ಹನಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಲೇಖನದ ಎದುರು ಪುಟದಲ್ಲೇ ಅಚ್ಚಾಗಿದ್ದ ಪ್ರವಾಸದ ಜಾಹೀರಾತಿನಲ್ಲಿ ನಾಲ್ಕು ಹಬ್ಬಗಳ ಹೆಸರಿತ್ತು, ಒಂದರ ತಾರೀಖೂ ಇರಲಿಲ್ಲ. ಹಬ್ಬದ ಹೆಸರು ಹಾಕುವವರು ಆ ದಿನ ಯಾತ್ರಿಗಳು ಯಾವ ಊರಿನಲ್ಲಿರುತ್ತಾರೆಂಬುದನ್ನೂ ಹಾಕಬೇಕೆಂದು ತಮ್ಮ ಜಾಹೀರಾತು ವಿಭಾಗದವರು ಕೇಳಬಹುದಲ್ಲವೇ?

ವೆಲೆನ್ಸಿಯಾದಲ್ಲಿ ಮಾರ್ಚ್ 20ರಂದು ತೆಗೆದ, ತೊಳೆದ ರಸ್ತೆಯ ಹನ್ನೆರಡು ಫೋಟೊಗಳು ನಮ್ಮಲ್ಲಿವೆ. ಪುರವಣಿಗೆ ಬೇಕಾದರೆ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ,
ತ್ಯಾಗರಾಜನಗರ, ಬೆಂಗಳೂರು